ಉದ್ರಿ ಖಾತೆ ಯಾರ ಹತ್ರನಾದ್ರೂ ಇದೆಯೇನ್ರೀ?

ಸಿಂಧನೂರಿನ ಗಂಜಿನಲ್ಲಿ 'ಮಾಲು ಬಂತೇನು?' ಅಂದರೆ ಭತ್ತ ಬಂತೇ ಎಂದರ್ಥ. ಅದೇ ಊರಿನ ಮೇನ್ ರೋಡಿನಲ್ಲಿ 'ಮಾಲಿಗೆ ಹೋಗೋಣ' ಅಂದರೆ ಸೀರೆ ಅಂಗಡಿಗೆ ಹೋಗೋಣ ಎಂದರ್ಥ. ದೊಡ್ಡ ಬಟ್ಟೆ ಅಂಗಡಿಗೆ 'ಶಾಪಿಂಗ್ ಮಾಲ್' ಎಂದು ಬೋರ್ಡು ಹಾಕುವ ರೂಢಿ ನಮಗೆ ಬಂದದ್ದು ಆಂಧ್ರ, ತೆಲಂಗಾಣದ ಕಡೆಯಿಂದ. ಒಳಗೆ ಫುಡ್ ಕೋರ್ಟ್ ಇರುವುದಿಲ್ಲ, ಸಿನಿಮಾ ಇರುವುದಿಲ್ಲ. ಎಸಿ ಇರುತ್ತದೆ, ಮದುವೆ ಜವಳಿ ಇರುತ್ತದೆ, ಕೂರಲು ಕುರ್ಚಿ, ಕುಡಿಯಲು ತಣ್ಣನೆ ನೀರು ಇರುತ್ತದೆ. ಬೆಂಗಳೂರಿನಿಂದ ನನ್ನ ಜೊತೆ ಬಂದ ಗೆಳೆಯನೊಬ್ಬ ಆ ಬೋರ್ಡು ನೋಡಿ ಜೋರಾಗಿ ನಕ್ಕ. ನಾನೂ ನಕ್ಕೆ. 'ಹಂಗಾದ್ರೆ ಇದಕ್ಕಿಂತ ಮೊದಲು ಇಲ್ಲಿ ಏನಿತ್ತು?' ಅಂತ ಅವನು ಕೇಳಿದಾಗ ಮಾತ್ರ ನಗು ನಿಂತಿತು. ಹುಟ್ಟಿ ಬೆಳೆದ ಊರು. ಬಾಯಿಗೆ ಉತ್ತರ ಬರಲಿಲ್ಲ.

ಈ ಹುಳ ತಲೆಗೆ ಬಿಟ್ಟವರು ಒಬ್ಬ ಅಮೆರಿಕನ್. ನಮ್ಮ ಪ್ರಾಜೆಕ್ಟಿನಲ್ಲಿ ಆ ಕಡೆಯಿಂದ ಕೆಲಸ ಮಾಡುವ ಹಿರಿಯರು, ಶುಕ್ರವಾರದ ಕಾಲ್ ಮುಗಿದ ಮೇಲೆ ಹತ್ತು ನಿಮಿಷ ಹರಟೆ ಹೊಡೆಯುವುದು ಅವರ ಅಭ್ಯಾಸ. ಅವರ ವೀಕೆಂಡ್ ಹವ್ಯಾಸವೆಂದರೆ ತಮ್ಮೂರಿನಲ್ಲಿ 1950–60ರ ದಶಕದಲ್ಲಿ ಎದ್ದು, ಈಗ ಬಾಗಿಲು ಹಾಕಿರುವ ಮಾಲ್‌ಗಳ ಚರಿತ್ರೆ ಹುಡುಕುವುದು. ಉದ್ಘಾಟನೆಯ ದಿನದ ಪತ್ರಿಕೆಯ ಪುರವಣಿ, ಯಾವ ಮಳಿಗೆಯಲ್ಲಿ ಯಾವ ಅಂಗಡಿ ಇತ್ತು ಎಂಬ ನಕ್ಷೆ, ಪಾರ್ಕಿಂಗಿನಲ್ಲಿ ಎಷ್ಟು ಕಾರು ಹಿಡಿಯುತ್ತಿದ್ದವು ಎಂಬ ಲೆಕ್ಕ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಚಪ್ಪಲಿ ಅಂಗಡಿ ಯಾವ ವರ್ಷ ಎಡಗಡೆಯಿಂದ ಬಲಗಡೆಗೆ ಸರಿಯಿತು ಅನ್ನುವುದಕ್ಕೂ ಅವರ ಹತ್ತಿರ ದಾಖಲೆ ಇದೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಅವರ ಮಾತಿನ ಮೇಲೆ ಮೂರು ಪುಸ್ತಕ ತರಿಸಿದೆ. ರಿಚರ್ಡ್ ಲಾಂಗ್‌ಸ್ಟ್ರೆತ್ ಅವರ 'ಸಿಟಿ ಸೆಂಟರ್ ಟು ರೀಜನಲ್ ಮಾಲ್' (1997) ಲಾಸ್ ಏಂಜಲೀಸ್ ಕುರಿತದ್ದು. 1920ರಿಂದ 1950ರವರೆಗೆ ಕಾರು ಮತ್ತು ಅಂಗಡಿ ಸೇರಿ ಆ ಊರನ್ನು ಹೇಗೆ ಹಿಗ್ಗಿಸಿದವು ಎಂಬುದರ ಕತೆ. ಶ್ರದ್ಧೆಯ ಕೆಲಸ, ಆದರೆ ರಾತ್ರಿ ಓದುವ ಪುಸ್ತಕವಲ್ಲ. ಅಲೆಕ್ಸಾಂಡ್ರಾ ಲ್ಯಾಂಗ್ ಅವರ 'ಮೀಟ್ ಮಿ ಬೈ ದಿ ಫೌಂಟನ್' (2022) ಲವಲವಿಕೆಯದು. ಮಾಲ್ ಅಂದ ಕೂಡಲೇ ಮೂಗು ಮುರಿಯಬೇಡಿ, ಹದಿಹರೆಯದವರಿಗೆ, ವಯಸ್ಸಾದವರಿಗೆ ದುಡ್ಡಿಲ್ಲದೆ ಓಡಾಡಲು ಅಂಥದ್ದೊಂದು ಜಾಗ ಬೇಕಿತ್ತು ಅನ್ನುತ್ತಾರೆ ಆಕೆ. ಒಪ್ಪುವ ಮಾತು, ನಾವೆಲ್ಲ ಡಿಗ್ರಿ ಓದುವಾಗ ಕೋರಮಂಗಲದ ಫೋರಂನಲ್ಲಿ ಏನೂ ಕೊಳ್ಳದೆ ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮೂರನೆಯದು, ಲಿಜಬೆತ್ ಕೊಹೆನ್ ಅವರ 'ಎ ಕನ್ಸ್ಯೂಮರ್ಸ್ ರಿಪಬ್ಲಿಕ್' (2003). ನ್ಯೂಜೆರ್ಸಿಯ ಪರಾಮಸ್ ಎಂಬಲ್ಲಿ 1957ರಲ್ಲಿ ಬೆನ್ನಿಗೆ ಬೆನ್ನು ಶುರುವಾದ ಎರಡು ಶಾಪಿಂಗ್ ಸೆಂಟರ್‌ಗಳನ್ನು ಆಕೆ ನೋಡುತ್ತಾರೆ. ಕಾರಂಜಿ, ದೀಪಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಲ್ಲಿಗೆ ಬಸ್ಸು ಎಲ್ಲಿಂದ ಬರುತ್ತಿತ್ತು, ಎಲ್ಲಿಂದ ಬರುತ್ತಿರಲಿಲ್ಲ, ಕಾರಿಲ್ಲದ ಕಪ್ಪು ಜನ, ಬಡವರು ಹೇಗೆ ಬರಬೇಕಿತ್ತು, ಊರ ಬೀದಿಯಲ್ಲಿ ಕರಪತ್ರ ಹಂಚಬಹುದಾಗಿದ್ದವನು ಖಾಸಗಿ ಜಾಗದೊಳಗೆ ಹಂಚಬಹುದೇ ಎಂದು ಕೇಳುತ್ತಾರೆ. ಅಂಗಡಿಯ ಚರಿತ್ರೆಯಲ್ಲಿ ಬಾಗಿಲ ಹೊರಗೆ ನಿಂತವರೂ ಇರಬೇಕು ಅನ್ನುವುದು ಆ ಪುಸ್ತಕದಿಂದ ನಾನು ಎತ್ತಿಕೊಂಡ ಪಾಠ.

ಮಾಲ್‌ನ ಜನಕ ಎಂದು ಎಲ್ಲರೂ ಹೆಸರಿಸುವ ವಿಕ್ಟರ್ ಗ್ರೂಯೆನ್ ವಿಯೆನ್ನಾದ ಯಹೂದಿ. 1938ರಲ್ಲಿ ಹಿಟ್ಲರನ ಸೈನ್ಯ ಬಂದಾಗ ಓಡಿಹೋಗಿ ಅಮೆರಿಕ ಸೇರಿದವರು. ತಮ್ಮ ಹಳೇ ಊರಿನ ಚೌಕದಂಥದ್ದನ್ನು ಹೊಸ ದೇಶದಲ್ಲಿ ಕಟ್ಟಬೇಕೆಂದು ಹೊರಟರು. ಡೆಟ್ರಾಯಿಟ್ ಹೊರವಲಯದಲ್ಲಿ ಅವರ ನಾರ್ತ್‌ಲ್ಯಾಂಡ್ ಸೆಂಟರ್ ಶುರುವಾದದ್ದು 1954ರಲ್ಲಿ. ಪೂರ್ತಿ ಮುಚ್ಚಿದ ಚಾವಣಿಯ, ಒಳಗೆ ಒಂದೇ ಹವೆಯ ಸೌತ್‌ಡೇಲ್ 1956ರಲ್ಲಿ ಬಂತು. ಇಡೀ ದೇಶದಲ್ಲಿ ಮಾಲ್‌ಗಳು ಅಣಬೆಯ ಹಾಗೆ ಎದ್ದದ್ದಕ್ಕೆ ಇನ್ನೊಂದು ಕಾರಣ ಅದೇ 1954ರ ತೆರಿಗೆ ಕಾನೂನು. ಹೊಸ ವಾಣಿಜ್ಯ ಕಟ್ಟಡದ ಸವಕಳಿಯನ್ನು ಮೊದಲ ವರ್ಷಗಳಲ್ಲೇ ಹೆಚ್ಚು ತೋರಿಸಿ ತೆರಿಗೆ ಉಳಿಸಬಹುದು ಎಂದಾಯಿತು. ಅಂದರೆ ಮಾಲ್ ಹುಟ್ಟಿದ್ದರಲ್ಲಿ ಅರ್ಧ ಒಬ್ಬ ವಾಸ್ತುಶಿಲ್ಪಿಯ ಕನಸು, ಅರ್ಧ ಚಾರ್ಟರ್ಡ್ ಅಕೌಂಟೆಂಟ್‌ಗಳ ಬುದ್ಧಿ.

1954 ಅನ್ನುವ ಇಸವಿಯನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷ ನಮ್ಮ ಮಸ್ಕಿಯಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಉತ್ಖನನ ಮಾಡುತ್ತಿದ್ದರು. ಮಸ್ಕಿ ಅಂದರೆ ಅಶೋಕ, ಅದು ಶಾಲೆಯ ಮಕ್ಕಳಿಗೂ ಗೊತ್ತು. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಶಾಸನ. 'ದೇವಾನಾಂಪ್ರಿಯ' ಯಾರು ಎಂಬ ವಾದಕ್ಕೆ ಅಶೋಕನ ಹೆಸರನ್ನೇ ಹೇಳಿ ತೆರೆ ಎಳೆದ ಬಂಡೆ. ಥಾಪರ್ ಅದಕ್ಕಿಂತ ಹಿಂದೆ, ತಾಮ್ರ–ಶಿಲಾಯುಗದ ಪದರಕ್ಕೆ ಹೋದರು. ಮಡಕೆಯ ಚೂರು, ಮಣಿ, ಕಲ್ಲಿನ ಅಲಗು, ಪ್ರತಿಯೊಂದಕ್ಕೂ ಚಿತ್ರ, ಅಳತೆ, ಸಿಕ್ಕ ಆಳ. ವರದಿ 1957ರಲ್ಲಿ 'ಏನ್ಷಿಯಂಟ್ ಇಂಡಿಯಾ'ದಲ್ಲಿ ಅಚ್ಚಾಯಿತು. ಅವರು ಮಾಡಬೇಕಾದ್ದನ್ನು ಅವರು ಚೆನ್ನಾಗಿಯೇ ಮಾಡಿದರು. ನನ್ನ ತಕರಾರು ಅವರ ಹಿಂದೆ ಬಂದ ನಮ್ಮ ಮೇಲೆ. ಸಾವಿರಾರು ವರ್ಷದ ಹಿಂದೆ ಮಸ್ಕಿಯ ಹೆಣ್ಣುಮಗಳು ಕೊರಳಿಗೆ ಏನು ಹಾಕಿಕೊಂಡಿದ್ದಳು ಅಂತ ಪುಸ್ತಕ ತೆಗೆದು ನೋಡಬಹುದು. 1954ರಲ್ಲಿ ಅದೇ ಊರಿನ ಸಂತೆಯಲ್ಲಿ ಅವಳ ವಂಶದವಳು ಬಳೆ ಎಷ್ಟಕ್ಕೆ ಇಡಿಸಿಕೊಂಡಳು, ದುಡ್ಡು ಕೊಟ್ಟಳೋ ಜೋಳ ಅಳೆದಳೋ, ಅದನ್ನು ಬರೆದಿಟ್ಟವರು ಯಾರು?

'ಗೆಜೆಟಿಯರ್ ಇದೆಯಲ್ಲ' ಅನ್ನಬಹುದು. ಇದೆ. 1970ರಲ್ಲಿ ಮೈಸೂರು ರಾಜ್ಯ ಸರ್ಕಾರ ಹೊರತಂದ ರಾಯಚೂರು ಜಿಲ್ಲೆಯ ದಪ್ಪ ಸಂಪುಟ. ಆ ಸರಣಿಯ ಎಲ್ಲ ಸಂಪುಟಗಳ ಹಾಗೆ ಅದರಲ್ಲೂ ಬ್ಯಾಂಕು, ವ್ಯಾಪಾರ, ವಾಣಿಜ್ಯಕ್ಕೆ ಒಂದು ಅಧ್ಯಾಯ, ಕೊನೆಗೆ ಪ್ರೇಕ್ಷಣೀಯ ಸ್ಥಳಗಳಿಗೆ ಇನ್ನೊಂದು. ಈ ಅಚ್ಚಿನಲ್ಲೇ ತೊಂದರೆ ಇದೆ. ಊರು ಬರುವುದು ಕೊನೆಯ ಅಧ್ಯಾಯದಲ್ಲಿ, ಕೋಟೆ–ಶಾಸನ–ಗುಡಿಯಾಗಿ. ವ್ಯಾಪಾರ ಬರುವುದು ಮಧ್ಯದಲ್ಲಿ, ಪಟ್ಟಿ–ಅಂಕಿಯಾಗಿ. ಎರಡೂ ಒಂದಕ್ಕೊಂದು ಭೇಟಿಯಾಗುವುದೇ ಇಲ್ಲ. ಗೆಜೆಟಿಯರ್ ಓದಿದವನಿಗೆ ಮುದಗಲ್ಲಿನ ಕೋಟೆಯೊಳಗೆ ಹೊಕ್ಕಂತಾಗುತ್ತದೆ. ಲಿಂಗಸುಗೂರಿನ ಒಂದು ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತಿದಂತೆ ಆಗುವುದಿಲ್ಲ.

ಇನ್ನು ಸ್ಮರಣ ಸಂಚಿಕೆಗಳು. ಶಾಲೆಯ ಬೆಳ್ಳಿಹಬ್ಬಕ್ಕೋ ಸಾಹಿತ್ಯ ಸಮ್ಮೇಳನಕ್ಕೋ ತಂದವು. ಮೊದಲ ಇಪ್ಪತ್ತು ಪುಟ ಗಣ್ಯರ ಸಂದೇಶ, ಆಮೇಲೆ 'ನಮ್ಮ ತಾಲೂಕಿನ ಐತಿಹಾಸಿಕ ಪರಂಪರೆ', ಅದೇ ಅಶೋಕ, ಅದೇ ವಿಜಯನಗರ–ಬಹಮನಿ ಕಾಳಗ. ಕೊನೆಯ ಪುಟಗಳಿಗೆ ಬಂದಾಗ ಮಾತ್ರ ನಾನು ನೆಟ್ಟಗೆ ಕೂರುತ್ತೇನೆ. ಅಲ್ಲಿ ಜಾಹೀರಾತು. ಅಡತಿ ಅಂಗಡಿ, ರಸಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಮಾಲೀಕರ ಹೆಸರು, ಓಣಿಯ ಹೆಸರು, ಎರಡೇ ಅಂಕಿಯ ಫೋನ್ ನಂಬರು. ನಮ್ಮ ಊರುಗಳಿಗೆ ಇರುವ ಡೈರೆಕ್ಟರಿ ಅಂದರೆ ಅದೊಂದೇ. ಸಂಚಿಕೆಗಳನ್ನು ಬೈಂಡ್ ಮಾಡಿಸುವವರು ಮೊದಲು ಕಿತ್ತೆಸೆಯುವುದೂ ಆ ಪುಟಗಳನ್ನೇ.

ಬರೆಯಲು ಏನಿತ್ತು ಅಂತೀರಾ? 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಮುಗಿಯಿತು. ಆಗ ಇಪ್ಪತ್ತು ವರ್ಷದವನಾಗಿದ್ದ ಒಬ್ಬ ಅಂಗಡಿಯವನನ್ನು ಕಲ್ಪಿಸಿಕೊಳ್ಳಿ. ಅವನ ಗಲ್ಲಾದಲ್ಲಿ ಇದ್ದದ್ದು ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ. ಅಂಥ ಏಳು ಕೊಟ್ಟರೆ ಭಾರತದ ಆರು. ಅದು 1959ರವರೆಗೂ ಪೂರ್ತಿ ಹೋಗಲಿಲ್ಲ. 1956ರ ನವೆಂಬರ್ 1ಕ್ಕೆ ಅವನ ರಾಜ್ಯ ಹೈದರಾಬಾದಿನಿಂದ ಮೈಸೂರಾಯಿತು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. ಮತ್ತೆ ಒಂದೆರಡು ವರ್ಷಕ್ಕೆ ಸೇರು, ಮಣ ಹೋಗಿ ಕಿಲೋ. ಸರ್ಕಾರಿ ಕಾಗದ ಉರ್ದುವಿನಿಂದ ಇಂಗ್ಲಿಷಿಗೆ, ಆಮೇಲೆ ಕನ್ನಡಕ್ಕೆ. ಪಂಚಾಂಗದ ಜೊತೆಗೆ ಫಸಲಿ ವರ್ಷ ಹಿಡಿದವನು ಇಸವಿ ಹಿಡಿದ. ಈ ಎಲ್ಲದರ ನಡುವೆ 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಿಟ್ಟರು. ಎಡದಂಡೆ ಕಾಲುವೆ ಹರಿದಂತೆ ಜೋಳ, ಹತ್ತಿಯ ಸಿಂಧನೂರು ಭತ್ತದ ಸಿಂಧನೂರಾಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು. 1970ರ ಆಸುಪಾಸಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಈ ತಾಲೂಕಿಗೇ ಬಂದವು. ಒಂದು ಗಲ್ಲಾದ ಹಿಂದೆ ಕೂತವನು ನಲವತ್ತೈದು ತುಂಬುವುದರೊಳಗೆ ಸರ್ಕಾರ, ನಾಣ್ಯ, ತೂಕ, ಲಿಪಿ, ಬೆಳೆ, ಗಿರಾಕಿ ಎಲ್ಲ ಬದಲಾದದ್ದನ್ನು ಕಂಡ. ಡೆಟ್ರಾಯಿಟಿನಲ್ಲಿ ಒಂದು ಪಾರ್ಕಿಂಗ್ ಜಾಗ ಬದಲಾದದ್ದಕ್ಕೆ ಅಷ್ಟೊಂದು ಪುಟ ಇದ್ದರೆ ಇದಕ್ಕೆ ಎಷ್ಟಿರಬೇಕಿತ್ತು!

ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ. ಲಿಂಗಸುಗೂರಿನಿಂದ ಹೊರಟರೆ ನಡುವೆ ಮಸ್ಕಿ, ಆಮೇಲೆ ಸಿಂಧನೂರು, ಒಟ್ಟು ಐವತ್ತು ಚಿಲ್ಲರೆ ಕಿಲೋಮೀಟರ್. ಆದರೆ ಮೂರರ ಬಜಾರಿನ ಜಾತಕ ಬೇರೆ ಬೇರೆ. ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟಿನ ದಂಡಿದ್ದ ಊರು, 1905ರವರೆಗೆ ಜಿಲ್ಲಾ ಕೇಂದ್ರ. ಸಿಪಾಯಿ, ಸಾಹೇಬ, ಕಚೇರಿ, ವಕೀಲರನ್ನು ನಂಬಿ ಬೆಳೆದ ಬಜಾರು. ಆಮೇಲೆ ಹಟ್ಟಿ ಚಿನ್ನದ ಗಣಿಯ ಸಂಬಳದ ದುಡ್ಡು ಹತ್ತಿರದಲ್ಲೇ. ಸಿಂಧನೂರು ಕಾಲುವೆಯ ಕೂಸು. ಮಸ್ಕಿ ನಡುವೆ ನಿಂತು, ಗುಡ್ಡದ ಮಲ್ಲಿಕಾರ್ಜುನನನ್ನೂ ಅಶೋಕನನ್ನೂ ನೋಡಿಕೊಂಡು, ತಾಲೂಕಾಗಲು 2018ರವರೆಗೆ ಕಾಯಿತು. ಅಮೆರಿಕದಲ್ಲಿ ಅಂಗಡಿ ಹೆದ್ದಾರಿಯ ಹಿಂದೆ ಓಡಿತು. ನಮ್ಮಲ್ಲಿ ನೀರಿನ ಹಿಂದೆ ಓಡಿತು. ರೈಲು ಸಿಂಧನೂರಿಗೆ ಬಂದದ್ದೇ 2024ರಲ್ಲಿ.

ಇಷ್ಟು ತಿಳಿದ ಮೇಲೆ ನಾನೂ ಉತ್ಸಾಹದಿಂದ ಒಂದು ಸ್ಪ್ರೆಡ್‌ಶೀಟ್ ತೆರೆದೆ. ಅಂಗಡಿಯ ಹೆಸರು, ಶುರುವಾದ ವರ್ಷ, ಏನು ಮಾರುತ್ತಿದ್ದರು, ಗಿರಾಕಿ ಯಾರು. ಅಮೆರಿಕದ ಗುರುಗಳ ಫಾರ್ಮ್ಯಾಟೇ. ಎರಡು ವಾರಾಂತ್ಯ ಓಡಾಡುವುದರೊಳಗೆ ಆ ಫಾರ್ಮ್ಯಾಟ್ ಮುರಿದು ಬಿತ್ತು. ಅಡತಿ ಅಂಗಡಿಗೆ ಬಂದ ರೈತ ಗಿರಾಕಿಯೇ ಅಲ್ಲ, ಮಾರುವವನು. ಬಿತ್ತನೆಗೆ ಅದೇ ಅಂಗಡಿಯಿಂದ ಸಾಲ ತಂದಿದ್ದರಿಂದ ಅವನು ಸಾಲಗಾರ. ಬೆಳೆ ಬಂದಾಗ ಅಲ್ಲಿಗೇ ತರಬೇಕು. ತೂಕದಲ್ಲಿ ಸೂಟು ಮುರಿದು, ದಲಾಲಿ, ಹಮಾಲಿ, ಧರ್ಮಾದಾಯ ಮುರಿದು, ಸಾಲ–ಬಡ್ಡಿ ಮುರಿದು, ಉಳಿದದ್ದರಲ್ಲಿ ಪಕ್ಕದ ಅಂಗಡಿಯಲ್ಲಿ ಸೀರೆ, ಎಣ್ಣೆ, ಬೆಲ್ಲ. ಆಗ ಅವನು ಗಿರಾಕಿ. ದರವನ್ನೂ ಅವನ ಮುಂದೆ ಕೂಗುತ್ತಿರಲಿಲ್ಲ; ಖರೀದಿದಾರ, ದಲ್ಲಾಳಿ ಇಬ್ಬರೂ ರುಮಾಲಿನ ಕೆಳಗೆ ಬೆರಳು ಹಿಡಿದು ಮುಗಿಸುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. 1966ರ ಎಪಿಎಂಸಿ ಕಾಯ್ದೆ ಇಂಥವಕ್ಕೆಲ್ಲ ಕಡಿವಾಣ ಹಾಕಲೆಂದೇ ಬಂದದ್ದು. 'ಜನ ಏನು ಕೊಂಡರು' ಎಂಬ ಅಮೆರಿಕದ ಪ್ರಶ್ನೆ ಇಲ್ಲಿ ಎರಡನೆಯದು. ಏನು ದರಕ್ಕೆ ಮಾರಿದರು, ಯಾರಿಗೆ ಎಷ್ಟು ಬಾಕಿ, ಅದು ಮೊದಲು. ಇದಕ್ಕೆ ಉತ್ತರ ಇರುವುದು ಒಂದೇ ಕಡೆ: ಕೆಂಪು ಬಟ್ಟೆ ಕಟ್ಟಿದ ಉದ್ದನೆಯ ಖಾತೆ ಪುಸ್ತಕ.

ಇಲ್ಲಿ ನನ್ನ ಮನೆಯ ಮಾತು ಬರುತ್ತದೆ. ನಮ್ಮಜ್ಜ ಸಿಂಧನೂರಿನ ಒಂದು ಅಡತಿ ಅಂಗಡಿಯಲ್ಲಿ ಮುನೀಮ. ಶಾಬಾದಿ ಕಲ್ಲಿನ ನೆಲ, ಬಿಳೀ ಗಾದಿ, ಇಳಿಜಾರಿನ ಮೇಜು, ಅದರ ಮುಂದೆ ಮಂಡಿ ಮಡಚಿ ಕೂತ ಅಜ್ಜ. ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತವರು. ಅಂಕಿ ಉರ್ದುವಿನಲ್ಲಿ, ಹೆಸರು ಕನ್ನಡದಲ್ಲಿ. ಅಕ್ಷರ ಮುತ್ತು ಪೋಣಿಸಿದ ಹಾಗೆ ಅಂತ ಮನೆಯಲ್ಲಿ ಇಂದಿಗೂ ಹೊಗಳುತ್ತಾರೆ. ದೀಪಾವಳಿ ಪಾಡ್ಯಕ್ಕೆ ಹೊಸ ಪುಸ್ತಕಕ್ಕೆ ಪೂಜೆ, ಹಳೆಯದು ಅಟ್ಟಕ್ಕೆ. ಆ ಅಂಗಡಿಯ ಮನೆತನದವರನ್ನು ಹುಡುಕಿಕೊಂಡು ಹೋದೆ. ಈಗ ಗೊಬ್ಬರದ ಏಜೆನ್ಸಿ ನಡೆಸುವ ಮೊಮ್ಮಗ ಚಹಾ ಕೊಟ್ಟು ಮಾತಾಡಿಸಿದ. 'ಅಟ್ಟ ಬಿಚ್ಚಿದಾಗ ರದ್ದಿಗೆ ಹಾಕಿದ್ವಿ ಸರ. ಎರಡು ಟಂಟಂ ತುಂಬಿತ್ತು. ನೀವು ಮೊದ್ಲ ಹೇಳಿದ್ರ ಇಡ್ತಿದ್ವಿ.' ನನಗೆ ಅಳುವೇ ಬಂತು. ಬೆಂಗಳೂರಿನ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆ, ಪರಂಪರೆ ಹೋಯಿತು ಅಂತ.

ಅದೇ ದುಃಖವನ್ನು ಮಸ್ಕಿಯಲ್ಲಿ ಒಬ್ಬ ಹಿರಿಯರ ಮುಂದೆ ತೋಡಿಕೊಂಡದ್ದು ನನ್ನ ತಪ್ಪು. ಎಂಬತ್ತು ದಾಟಿದವರು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಅವರ ಅಪ್ಪ ಸಿಂಧನೂರಿಗೆ ಬಂಡಿ ಕಟ್ಟಿಕೊಂಡು ಜೋಳ ಹಾಕಲು ಹೋಗುತ್ತಿದ್ದವರಂತೆ.

'ಮುತ್ಯಾ, ಪುಸ್ತಕ ಎಲ್ಲಾ ರದ್ದಿಗೆ ಹಾಕ್ಯಾರ್ರೀ' ಅಂದೆ.

'ಚಲೋ ಆತು ಬಿಡು ತಮ್ಮಾ.'

ನಾನು ತಬ್ಬಿಬ್ಬಾದೆ. ಅದರಲ್ಲಿ ನಿಮ್ಮಪ್ಪನ ಹೆಸರೂ ಇರುತ್ತಿತ್ತಲ್ಲ, ನಮ್ಮಜ್ಜನೇ ಬರೆದಿರಬಹುದು, ಅಕ್ಷರ ಬಹಳ ಚೆಂದ ಇದ್ದವು ಅಂತೆಲ್ಲ ಹೇಳಿದೆ.

'ಇರ್ತಿತ್ತು. ಹೆಸರು ನಿಮ್ಮಜ್ಜ ಬರೀತಿದ್ದ, ಹೆಬ್ಬಟ್ಟು ನಮ್ಮಪ್ಪ ಒತ್ತುತಿದ್ದ. ಅದ್ರಾಗ ಏನು ಬರದೈತಿ ಅಂತ ನಮ್ಮಪ್ಪಗ ಓದಾಕ ಬರ್ತಿರಲಿಲ್ಲ. ನಾಕು ಎಕರೆ ಹೋದ ಮ್ಯಾಲ ತಿಳೀತು.'

ಅವರು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಒಳಗೆ ಕೂಗಿ ನನಗೆ ನೀರು ತರಿಸಿದರು.

ಬಸ್ಸಿನಲ್ಲಿ ಬರುವಾಗ ಕೊಹೆನ್ ಪುಸ್ತಕ ನೆನಪಾಯಿತು, ಅದನ್ನು ಮೆಚ್ಚಿ ಓದಿದ ನಾನು ಎಷ್ಟು ಅರ್ಥ ಮಾಡಿಕೊಂಡಿದ್ದೆ ಅನ್ನುವುದೂ. ಪರಾಮಸ್‌ಗೆ ಎಲ್ಲಿಂದ ಬಸ್ಸು ಬರುತ್ತಿರಲಿಲ್ಲ ಎಂಬಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದೆ. ನಮ್ಮಜ್ಜನ ಮುತ್ತಿನಂಥ ಅಕ್ಷರ ಯಾರ ಪಾಲಿಗೆ ಏನಾಗಿತ್ತು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. 'ಹಳೇ ಬಜಾರಿನ ನೆನಪು' ಅಂತ ವಾಟ್ಸಾಪಿನಲ್ಲಿ ಓಡಾಡುವ ಬರಹಗಳ ಕುರಿತು ನನಗೆ ಈಗ ಇರುವ ಅಸಮಾಧಾನವೂ ಇದೇ. ಬಿಳೀ ಗಾದಿ, ಬಾಯಿ ತುಂಬ 'ಬರ್ರೀ, ಕುಂಡ್ರ್ರೀ', ಮಕ್ಕಳ ಕೈಗೆ ಬೆಲ್ಲದ ಚೂರು, ಉದ್ರಿ ಕೊಡುತ್ತಿದ್ದ ವಿಶ್ವಾಸ. ಎಲ್ಲ ನಿಜವೇ. ಬರೆದವರೆಲ್ಲ ಗಾದಿಯ ಮೇಲೆ ಕೂತಿದ್ದವರ ಮೊಮ್ಮಕ್ಕಳು, ನನ್ನನ್ನೂ ಸೇರಿಸಿ. ಅಮೆರಿಕದ ಮಾಲ್ ಪ್ರೇಮಿ ಮುಚ್ಚಿದ ಕಾರಂಜಿಯ ಫೋಟೊ ಹಾಕಿ ನಿಟ್ಟುಸಿರು ಬಿಡುವುದಕ್ಕೂ ಇದಕ್ಕೂ ಅಂಥ ವ್ಯತ್ಯಾಸವಿಲ್ಲ. ವಿಶ್ವಾಸಕ್ಕೆ ಬಡ್ಡಿ ಎಷ್ಟಿತ್ತು ಅನ್ನುವುದು ಮಾತ್ರ ಯಾವ ಫಾರ್ವರ್ಡಿನಲ್ಲೂ ಇರುವುದಿಲ್ಲ.

ಹಾಗಂತ ಪುಸ್ತಕ ರದ್ದಿಗೆ ಹೋದದ್ದು ಒಳ್ಳೆಯದಾಯಿತೇ? ಮುತ್ಯಾನ ಮಾತಿಗೆ ನಾನು ತಲೆಬಾಗುತ್ತೇನೆ, ಆದರೆ ಒಪ್ಪುವುದಿಲ್ಲ. ನಾಲ್ಕು ಎಕರೆ ಹೋದದ್ದಕ್ಕೆ ಇದ್ದ ಸಾಕ್ಷಿಯೂ ಅದೇ ಪುಸ್ತಕ. ನಿಜಾಮನ ಕಾಲದ ಸರ್ಕಾರಿ ಕಡತ ನೋಡಬೇಕೆಂದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬಹುದು, ಉರ್ದು ಬಲ್ಲವರನ್ನು ಜೊತೆಗೆ ಕರೆದುಕೊಂಡು. ಅಲ್ಲಿ ಸರ್ಕಾರ ಮಾತಾಡುತ್ತದೆ. ಅಂಗಡಿ ಮಾತಾಡುವುದು ಖಾತೆಯಲ್ಲಿ ಮಾತ್ರ. ಅದಕ್ಕೇ ಶೀರ್ಷಿಕೆಯ ಪ್ರಶ್ನೆ. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ, ದೇವರ ಕೋಣೆಯ ಗೂಡಿನಲ್ಲಿ ಅಂಥದ್ದು ಇದ್ದರೆ, ಮೊಬೈಲಿನಲ್ಲಾದರೂ ಪುಟ ಪುಟ ಫೋಟೊ ತೆಗೆಯಿರಿ. ಹೆಬ್ಬೆಟ್ಟಿನ ಗುರುತಿರುವ ಪುಟಗಳನ್ನು ಬಿಡಬೇಡಿ. ಮುಜುಗರವಾಗುತ್ತದೆ, ಆಗಲಿ.

ಹೋದ ತಿಂಗಳು ಮತ್ತೆ ಮಸ್ಕಿಗೆ ಹೋಗಿದ್ದೆ. ಈ ಸಲ ಸ್ಪ್ರೆಡ್‌ಶೀಟ್ ಇರಲಿಲ್ಲ, ಒಂದು ನೋಟ್‌ಬುಕ್ಕು. 'ನೀವು ಹುಡುಗರಿದ್ದಾಗ ಬಜಾರಿನಾಗ ಬಲಗಡಿ ಯಾವ್ಯಾವ ಅಂಗಡಿ ಇದ್ದವು, ಸಾಲಾಗಿ ಹೇಳ್ರಿ ಮುತ್ಯಾ' ಅಂದೆ. ಅವರು ಕಣ್ಣು ಮುಚ್ಚಿ ಶುರು ಮಾಡಿದರು. ಒಂದನೇದು ಹಗ್ಗ, ಕಣ್ಣಿ ಮಾರುವವರದು. ಎರಡು ಗಾಣದ ಎಣ್ಣೆ. ಮೂರು, ಹೊಲಿಯುವವರು, ಮಷಿನ್ ಬಂದಾಗ ನೋಡಲು ಜನ ಸೇರಿದ್ದರಂತೆ. ನಾಲ್ಕು ಹೋಟೆಲು, ತಮಗೆ ಚಹಾ ಹೊರಗೇ, ಲೋಟ ತೊಳೆದು ಗೋಡೆಯ ಬಿಲದಲ್ಲಿ ಇಡಬೇಕು. ಐದು ಕಬ್ಬಿಣದ ಸಾಮಾನು. ಆರು ಬಳೆ. ಏಳಕ್ಕೆ ಬಂದು ನಿಂತರು.

'ಏಳನೇದು ಏನಿತ್ತ್ರೀ?'

'ಆ ಕಟ್ಟಿ ನಮ್ಮನ್ನ ಹತ್ತಗೊಡತಿರಲಿಲ್ಲ. ಒಳಗ ಏನು ಮಾರತಿದ್ರು ನನಗ ಹೆಂಗ ತಿಳೀಬೇಕು? ನಿಮ್ಮ ಮಂದಿಗೇ ಕೇಳು.' ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. 'ಎಂಟನೇದು ಉಪ್ಪಿನ ಅಂಗಡಿ. ಬರ್ಕೋ.'